ಅಕ್ಕನ ಕಾಲಿಗೆ ಭಾವ ಆರಿಸಿದ ಟ್ರೈನರ್

ನಮ್ಮ ಭಾವನಿಗೆ ಲೋಕದ ಎಲ್ಲ ವಿಷಯವೂ ಗೊತ್ತು. ಅವರಿಗೆ ಗೊತ್ತಿಲ್ಲದ್ದು ಏನಾದರೂ ಇದ್ದರೆ ಅದು ವಿಷಯವೇ ಅಲ್ಲ. ಹಾಸಿಗೆ ಮಾರುವ ಅಂಗಡಿ ಅವರದು. ಗಿರಾಕಿ ಬಂದ ಕೂಡಲೇ ಚಪ್ಪಲಿ ಬಿಡಿಸಿ, ಹಾಸಿಗೆಯ ಮೇಲೆ ಮಲಗಿಸಿ, ತಲೆಯ ಹತ್ತಿರ ನಿಂತು ಮುಖ ನೋಡುತ್ತಾರೆ. ಗಿರಾಕಿಯ ಬಾಯಲ್ಲಿ "ಆಹಾ" ಬಂದರೆ ಮಾಲು ಒಳ್ಳೆಯದು, ಬರದಿದ್ದರೆ ಮುಂದಿನ ಹಾಸಿಗೆ. ಈ ಒಂದು ವಿದ್ಯೆಯನ್ನು ಅರೆದು ಕುಡಿದು, ಬದುಕಿನ ಉಳಿದ ಎಲ್ಲದಕ್ಕೂ ಅದನ್ನೇ ಬಳಸುವ ಮಹಾನುಭಾವ.

ಅಂಗಡಿಯ ಹಿಂದಿನ ಕೋಣೆಯಲ್ಲಿ ಹಾಸಿಗೆಯ ಗವಸು ಹೊಲಿಯುವವಳು ನನ್ನ ಅಕ್ಕ. ಜೊತೆಗೆ ಇನ್ನೂ ಮೂವರು ಹೆಂಗಸರು. ನಾಲ್ಕು ಹೊಲಿಗೆ ಯಂತ್ರ, ನೆಲದ ತುಂಬ ಬಟ್ಟೆ ಚೂರು, ದಿನವಿಡೀ ಹರಟೆ, ನಡುವೆ ಒಂದಿಷ್ಟು ಜಗಳ. ಅಕ್ಕನ ಜೀವವೆಲ್ಲ ಅಲ್ಲೇ. ಮನೆ ಅದೇ ಕಟ್ಟಡದ ಮೂರನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಒದ್ದೆ ಮೆಟ್ಟಿಲ ಮೇಲೆ ಜಾರಿ ಬಿದ್ದು ಅಕ್ಕ ತೊಡೆಯ ಮೂಳೆ ಮುರಿದುಕೊಂಡಳು. ಆಪರೇಷನ್ ಆಗಿ ಮೂಳೆ ಕೂಡಿತು. ಆದರೆ ಕಾಲಿನಲ್ಲಿ ಕಸುವಿರಲಿಲ್ಲ.

ಡಾಕ್ಟರು ಬಿಡಿಸಿ ಹೇಳಿದರು: "ಮನೆಗೇ ಒಬ್ಬ ಒಳ್ಳೆ ಟ್ರೈನರ್ ಕರೆಸಿ, ದಿನಾ ವ್ಯಾಯಾಮ ಮಾಡಿಸಿ. ಈಗ ಬಿಟ್ರೆ ಮೆಟ್ಟಿಲು ಇಳಿಯೋದನ್ನ ಮರೆತುಬಿಡಿ."

ಮನೆಗೆ ಬಂದ ಅಕ್ಕ ಕೇಳಿದ್ದು ಒಂದೇ ಮಾತು. "ನಾನು ಮತ್ತೆ ಕೆಳಗಿಳೀತೀನಿ ತಾನೇ?"

"ನಾನಿದ್ದೀನಲ್ಲ, ನಿಂಗ್ಯಾಕೆ ಚಿಂತೆ!" ಅಂದರು ಭಾವ. ನನಗೆ ಚಿಂತೆ ಶುರುವಾದದ್ದೇ ಆಗ.

ಟ್ರೈನರುಗಳನ್ನು ಭಾವ ಒಬ್ಬೊಬ್ಬರಾಗಿ ಮನೆಗೆ ಕರೆಸಿದರು. ಬಂದವರ ಓದು, ಅನುಭವ ಒಂದನ್ನೂ ಕೇಳಲಿಲ್ಲ. ಅಕ್ಕನ ತಲೆಯ ಹತ್ತಿರ ನಿಂತು ಅವಳ ಮುಖವನ್ನೇ ನೋಡುತ್ತಿದ್ದರು. ಮೊದಲನೆಯವನು ಅಕ್ಕನ ಮಂಡಿ ಮಡಿಸಿದ, ಅವಳು ಹಲ್ಲು ಕಚ್ಚಿದಳು. ಅವನಿಗೆ ಅಲ್ಲಿಗೇ ನಮಸ್ಕಾರ. ಎರಡನೆಯವಳು ಗಟ್ಟಿ ಹೆಂಗಸು. ಕುರ್ಚಿಯಿಂದ ಕೈ ಊರದೆ ಏಳಿ ಅಂದಳು, ಕೂರಿ ಅಂದಳು, ಮತ್ತೆ ಏಳಿ ಅಂದಳು. ಅಕ್ಕ ಬೆವರಿ ಮುದ್ದೆಯಾದಳು, "ಅಯ್ಯೋ ಅಮ್ಮಾ" ಅಂತ ಅತ್ತೂಬಿಟ್ಟಳು. ಆದರೆ ಅವತ್ತು ಸಂಜೆ ಗೋಡೆ ಹಿಡಿಯದೆ ಅಡುಗೆಮನೆಯವರೆಗೆ ನಡೆದು ಹೋದಳು. ನಾನು ಕಣ್ಣಾರೆ ನೋಡಿದೆ.

"ದುಡ್ಡು ಕೊಟ್ಟು ಹಿಂಸೆ ಕೊಂಡ್ಕೋಬೇಕಾ?" ಅಂತ ಭಾವ ಅವಳನ್ನೂ ಬೇಡ ಅಂದರು.

"ಅಕ್ಕ ನಡೆದ್ಲಲ್ಲ ಭಾವ, ಕಣ್ಣು ಕಾಣ್ಸಲ್ವಾ?"

"ನಿಂಗೇನು ಗೊತ್ತು ಸುಮ್ನಿರೇ. ನಾನು ಸಾವಿರಾರು ಜನರ ಬೆನ್ನು ನೋಡಿರೋನು."

"ಎಲ್ಲಾ ಮಲಗಿರೋ ಬೆನ್ನುಗಳೇ ಅಲ್ವಾ?" ಅಂದೆ. ಮುಖ ಊದಿಸಿಕೊಂಡು ಎದ್ದು ಹೋದರು. ಅಕ್ಕನೂ ಅವಳೇ ಬೇಕು ಅಂತ ಹಟ ಹಿಡಿಯಲಿಲ್ಲ. ನೋವಿಗೆ ಅವಳೂ ಹೆದರಿದ್ದಳು.

ಮೂರನೆಯವನಿಗೆ ನಾನು ಬೆಣ್ಣೆ ಅಂತ ಹೆಸರಿಟ್ಟೆ. ಘಮಘಮ ಅನ್ನುತ್ತಾ ಬಂದ. ಅಕ್ಕನನ್ನು ಭಾವ ಅಂಗಡಿಯಿಂದ ಮೇಲೆ ತರಿಸಿದ್ದ ಅತಿ ದುಬಾರಿ ಹಾಸಿಗೆಯ ಮೇಲೆ ಮಲಗಿಸಿ, ಬೆಚ್ಚಗಿನ ಎಣ್ಣೆ ಸವರಿ, ಅವಳ ಕಾಲನ್ನು ತಾನೇ ಎತ್ತಿ, ತಾನೇ ಇಳಿಸಿದ. ಅಕ್ಕ "ಆಹಾ" ಅಂದವಳೇ ನಿದ್ದೆ ಹೋದಳು. ಭಾವನ ಮುಖ ನೋಡಬೇಕಿತ್ತು ಆಗ! ಸಾಲದ್ದಕ್ಕೆ ಬೆಣ್ಣೆ ಹೊರಡುವಾಗ, "ಸರ್, ನಿಮ್ಮ ಭುಜ ನೋಡಿದ್ರೆ ನಿಮಗೆ ಇಷ್ಟು ವಯಸ್ಸು ಅಂತ ಯಾರೂ ಹೇಳಲ್ಲ" ಅಂದ. ಅವತ್ತಿನಿಂದ ಭಾವ ಅಂಗಿಯ ತೋಳು ಮಡಚಿಕೊಂಡೇ ಓಡಾಡತೊಡಗಿದರು. ಬೆಣ್ಣೆಯ ಕೆಲಸ ಕಾಯಂ ಆಯಿತು.

ಅವನು ದಿನಾ ಬಂದ, ಅಕ್ಕ ದಿನಾ ಮಲಗಿದಳು. ನಾನು ಬಾಯಿ ಬಡಿದುಕೊಂಡದ್ದಷ್ಟೇ ಬಂತು. "ಎಷ್ಟು ಆರಾಮಾಗಿದಾಳೆ ನೋಡು" ಅನ್ನುವರು ಭಾವ. ಹೌದು, ಹೆಂಡತಿ ಮಲಗಿದ್ದರೆ ಅವರಿಗೂ ಆರಾಮ.

ಡಾಕ್ಟರ ಬಳಿಗೆ ಮತ್ತೆ ಹೋಗುವ ದಿನ ಬಂತು. ಹಾಸಿಗೆ ಹೊರುವ ಆಳುಗಳು ಅಕ್ಕನನ್ನು ಕುರ್ಚಿಯ ಸಮೇತ ಇಳಿಸಿದರು. ಹಿಂದಿನ ಕೋಣೆಯ ಹೆಂಗಸರು ಬಾಗಿಲಿಗೆ ಬಂದು ನೋಡಿದಾಗ ಅವಳು ತಲೆ ತಗ್ಗಿಸಿದಳು. ಡಾಕ್ಟರು ತೊಡೆ ಮುಟ್ಟಿ ನೋಡಿದರು. ಮೊದಲಿಗಿಂತ ಸಣಕಲಾಗಿತ್ತು. ದಿನಾ ಏನು ಮಾಡಿಸುತ್ತಿದ್ದಾರೆ ಅಂತ ಕೇಳಿ ತಿಳಿದುಕೊಂಡು, "ವ್ಯಾಯಾಮ ಆಗಿರೋದು ಆ ಟ್ರೈನರ್ ತೋಳಿಗೆ, ಇವರ ಕಾಲಿಗಲ್ಲ" ಅಂದರು. "ಇನ್ನೂ ಕಾಲ ಮಿಂಚಿಲ್ಲ. ಆದರೆ ಈಗ ವ್ಯಾಯಾಮ ಶುರು ಮಾಡಿದ್ರೆ ಮೊದಲಿಗಿಂತ ನೋವು ಜಾಸ್ತಿ."

ದಾರಿಯುದ್ದಕ್ಕೂ ಅಕ್ಕ ತನ್ನ ತೊಡೆಯನ್ನು ಒತ್ತಿ ಒತ್ತಿ ನೋಡಿಕೊಂಡಳು. ಭಾವ ಗಂಭೀರವಾಗಿದ್ದರು. ಬುದ್ಧಿ ಬಂತೇನೋ ಅಂದುಕೊಂಡೆ. ನನ್ನ ಬುದ್ಧಿಗಿಷ್ಟು!

ಮರುದಿನ ನಾನು ಹೋಗುವಷ್ಟರಲ್ಲಿ ಅಕ್ಕನ ಹೊಲಿಗೆ ಯಂತ್ರ ಮೂರನೇ ಮಹಡಿಗೆ ಏರಿ ಬಂದಿತ್ತು. ಕಿಟಕಿಯ ಪಕ್ಕದಲ್ಲಿ ಇಡಿಸಿ, ಮುಂದೆ ಕುರ್ಚಿ ಹಾಕಿ, ಕುರ್ಚಿಗೆ ಮೆತ್ತೆಯನ್ನೂ ಹಾಸಿ, ಭಾವ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು.

"ಹೇಗಿದೆ? ಇನ್ನು ಇಳಿಯೋ ತಾಪತ್ರಯಾನೇ ಇಲ್ಲ! ಬಟ್ಟೆ ಇಲ್ಲಿಗೇ ಬರುತ್ತೆ, ಹೊಲಿದಿದ್ದು ಹಾಗೇ ಕೆಳಗೆ ಹೋಗುತ್ತೆ."

ಆ ಮನುಷ್ಯನ ಮುಖದಲ್ಲಿ ಒಂದಿಷ್ಟಾದರೂ ಕೆಟ್ಟತನ ಇದ್ದಿದ್ದರೆ ನಾಲ್ಕು ಮಾತು ಬೈದು ಹಗುರಾಗುತ್ತಿದ್ದೆ. ಶಹಬ್ಬಾಸ್ ಅನ್ನಿಸಿಕೊಳ್ಳಲು ಕಾದು ನಿಂತಿತ್ತು ಆ ಮುಖ. ಅಕ್ಕ ಯಂತ್ರವನ್ನು ನೋಡಿದಳು, ಕಿಟಕಿ ನೋಡಿದಳು. ಅವಳ ಕಣ್ಣು ತುಂಬಿ ಬಂತು.

"ಜೈಲಿಗೆ ಕೆಲಸಾನೂ ತಂದುಕೊಟ್ರಾ?" ಅಂದಳು. "ಮೊದ್ಲು ಇದನ್ನ ತಗೊಂಡೋಗಿ ಅದರ ಜಾಗದಲ್ಲಿಡಿ. ನಾನು ಅಲ್ಲಿಗೆ ಬರ್ತೀನಿ, ಎಷ್ಟು ತಿಂಗಳಾದ್ರೂ ಸರಿ. ನನ್ನ ಅಳಿಸಿ ನಡೆಸಿದ್ಲಲ್ಲ, ಆ ಹೆಂಗಸಿಗೆ ಫೋನು ನಾನೇ ಮಾಡ್ತೀನಿ. ಬೆಣ್ಣೆಗೆ ಇನ್ನು ಬರಬೇಡ ಅಂತ ನೀವು ಹೇಳಿಬಿಡಿ."

"ಬಿದ್ದುಗಿದ್ದೀಯಾ ಕಣೇ..."

"ಬಿದ್ರೆ ಎಬ್ಬಿಸೋಕೆ ಬನ್ನಿ. ಅಲ್ಲೀವರೆಗೆ ನನ್ನ ಕಾಲಿನ ತಂಟೆಗೆ ಬರಬೇಡಿ."

ಭಾವ ನನ್ನ ಕಡೆ ನೋಡಿದರು. ನಾನು ಆಗಲೇ ಯಂತ್ರದ ಒಂದು ತುದಿ ಹಿಡಿದಿದ್ದೆ. ಅವರು ಮಡಚಿದ್ದ ಅಂಗಿಯ ತೋಳನ್ನು ಇಳಿಬಿಟ್ಟುಕೊಂಡು ಬಂದು ಇನ್ನೊಂದು ತುದಿ ಹಿಡಿದರು.