ಹೆಗಡೆಯವರ ಕಾರಿನ ಬೆಚ್ಚಗಿನ ಬದಿ

ಯಲ್ಲಾಪುರದಲ್ಲಿ ಟೈಪಿಂಗ್ ಕ್ಲಾಸ್ ನಡೆಸುತ್ತಿದ್ದ ಸೀತಾರಾಮ ಹೆಗಡೆಯವರು ತಮ್ಮ ಹಳೇ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನ ಸ್ಟಿಯರಿಂಗನ್ನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಇದ್ದದ್ದೇ ಎರಡು ಸೀಟು. ಎಡಗಡೆಯದು ಹೆಂಡತಿ ಪರಿಮಳಾಗೆ ಮೀಸಲು. ಪರಿಮಳಾ ಮಾತ್ರ, “ಮಣೆ ಮೇಲೆ ಕೂತು ರಸ್ತೆ ಮೇಲೆ ಜಾರಿದಾಂಗೆ ಆಗ್ತು, ಆನು ಬತ್ನಿಲ್ಲೆ” ಎಂದು ಬಸ್ಸು ಹತ್ತಿಬಿಡುತ್ತಿದ್ದರು. ಪಾಪ, ಹೆಗಡೆಯವರು ಖಾಲಿ ಸೀಟು ಇಟ್ಟುಕೊಂಡು ಬಸ್ಸಿನ ಹಿಂದೆ ಹಿಂದೆಯೇ ಹೋಗುತ್ತಿದ್ದರು.

ತೊಂಬತ್ತೆಂಟರ ಮಳೆಗಾಲದಲ್ಲಿ ಪರಿಮಳಾ ಅವರ ಮಂಡಿ ಹಿಡಿದುಕೊಂಡಿತು. ಸಿದ್ದಾಪುರದ ಪಂಡಿತರು ದಿನಾ ಶಾಖ ಕೊಡಿ ಎಂದರು. ಹೆಗಡೆಯವರಿಗೆ ತಟ್ಟನೆ ಕಾರಿನ ಹೀಟರು ನೆನಪಾಯಿತು. ಅಂದಿನಿಂದ ಸಂಜೆ ಚಹಾ ಮುಗಿಸಿ ಗಂಡ ಹೆಂಡತಿ ಅಂಗಳದಲ್ಲಿ ನಿಂತ ಕಾರಿನೊಳಗೆ ಕೂರತೊಡಗಿದರು. ಇಂಜಿನ್ ಗುರುಗುಟ್ಟುವುದು, ಕಾಲಿಗೆ ಬಿಸಿಗಾಳಿ ಬರುವುದು. ಪರಿಮಳಾ ಬೀನ್ಸ್ ಸೋಸುತ್ತ ಊರ ಸುದ್ದಿಯೆಲ್ಲ ಹೇಳುವರು. ಎಲ್ಲಿಗೂ ಹೋಗದ ಕಾರಿನ ಸ್ಟಿಯರಿಂಗ್ ಹಿಡಿದು ಹೆಗಡೆಯವರು ಹೂಂಗುಟ್ಟುವರು. ಇಷ್ಟು ಸುಖವನ್ನು ಅವರು ಓಡುವ ಕಾರಿನಲ್ಲೂ ಕಂಡಿರಲಿಲ್ಲ.

ಒಂದು ಸಂಜೆ ಪರಿಮಳಾ ಅವರ ಪಾದದ ಮೇಲೆ ಬಿಸಿನೀರು ಸುರಿಯಿತು. ಹೀಟರ್ ಕೋರ್, ಅಂದರೆ ಇಂಜಿನ್ನಿನ ಬಿಸಿನೀರು ಹರಿದಾಡುವ ಪುಟ್ಟ ರೇಡಿಯೇಟರ್, ತೂತಾಗಿತ್ತು. ಅವರು ಎದ್ದವರೇ ಬಚ್ಚಲೊಲೆಯ ಮುಂದೆ ಹೋಗಿ ಕೂತರು. ಊರ ಸುದ್ದಿಯೂ ಅವರ ಜೊತೆಗೇ ಹೋಯಿತು. ಹೆಗಡೆಯವರಿಗೆ ಅಳುವಷ್ಟು ಬೇಜಾರಾಯಿತು.

ಮುಂಬಯಿಯ ಭಾವ ಹೊಸ ಕೋರ್ ಕಳಿಸಿದ. ಕೂರಿಸಲು ಬಂದ ಬನವಾಸಿ ಕಡೆಯ ಮೆಕ್ಯಾನಿಕ್ ಸಂಗಯ್ಯ ಡ್ಯಾಶ್‌ಬೋರ್ಡನ್ನು ಪೂರ್ತಿ ಕಳಚಿ ಜಗಲಿ ತುಂಬ ಹರವಿದ. ಸ್ಪೀಡೋಮೀಟರ್ ಇಟ್ಟ ಮೂಲೆಯಲ್ಲೇ ಮನೆಯವರು ವಾರಗಟ್ಟಲೆ ಊಟ ಮಾಡಿದರು. ಕೊನೆಗೂ ಎಲ್ಲ ಜೋಡಿಸಿ ಇಂಜಿನ್ ಶುರುಮಾಡಿದರೆ ಬಿಸಿಗಾಳಿ ಬಂತು, ಆದರೆ ಹೆಗಡೆಯವರ ಕಾಲಿಗೆ ಮಾತ್ರ.

ಸಂಗಯ್ಯ ತಲೆ ಕೆರೆದುಕೊಂಡ. “ನನ್ನ ಕೈ ಒರಸೋ ಅರಿವಿ ಎಡಗಡೆ ಪೈಪಿನ್ಯಾಗ ಉಳದೈತ್ರಿ, ಹೆಗಡೇರ. ಮತ್ತ ಎಲ್ಲಾ ಬಿಚ್ಚಬೇಕ್ರಿ.”

ಮತ್ತೆ ಬಿಚ್ಚಿದರೆ ಮಳೆಗಾಲವೇ ಮುಗಿದುಹೋಗುತ್ತಿತ್ತು. ಪರಿಮಳಾ ಬೀನ್ಸಿನ ಬುಟ್ಟಿ ಹಿಡಿದು ಬಂದು ಬಲಗಡೆ ಬಾಗಿಲು ತೆಗೆದರು.

“ನಿಂಗ ಆ ಬದಿಗೆ ಹೋಗಿ. ಆನು ಇಲ್ಲಿ ಕೂತ್ಕತ್ತೆ.”

ಹೆಗಡೆಯವರು ಸ್ಟಿಯರಿಂಗ್ ನೋಡಿದರು, ಬಚ್ಚಲ ಹೊಗೆ ನೋಡಿದರು, ಇಳಿದು ಎಡಗಡೆ ಹೋಗಿ ಕೂತರು. ಬುಟ್ಟಿ ಅವರ ತೊಡೆಗೆ ಬಂತು. ಕೈಗೆ ಬೇರೆ ಕೆಲಸವಿಲ್ಲದ ಪರಿಮಳಾ ಗೇರು ಎಂತಕ್ಕೆ, ಕ್ಲಚ್ಚು ಎಂತಕ್ಕೆ ಎಂದು ಕೇಳಿದರು. ಹೆಗಡೆಯವರು ದಿನಾ ಇಷ್ಟಿಷ್ಟೇ ಹೇಳಿಕೊಟ್ಟರು. ಮಳೆ ನಿಂತು ಹೊಳವಾದ ಒಂದು ಸಂಜೆ ಕಾರು ಅಂಗಳ ಬಿಟ್ಟು ಹೊರಟೇಬಿಟ್ಟಿತು.

“ಬ್ರೇಕು ಒತ್ತೇ ಮಾರಾಯ್ತಿ!”

“ತಡೀರಿ, ಕಾಲು ಈಗ ಬೆಚ್ಚಗಾಜು.”

ನಿಂತದ್ದು ನಂದೊಳ್ಳಿಯ ತವರುಮನೆಯ ಮುಂದೆ. ದಾರಿಯುದ್ದಕ್ಕೂ ಸುದ್ದಿ ಮಾತ್ರ ನಿಂತಿರಲಿಲ್ಲ.

ಮಳೆಗಾಲ ಕಳೆದ ಮೇಲೆ ಸಂಗಯ್ಯ ಸಾಮಾನಿನ ಚೀಲ ಹಿಡಿದು ಬಂದ. “ಆ ಅರಿವಿ ತಗೀಲೇನ್ರಿ?”

ಅಂಗಳದಲ್ಲಿ ಕಾರಿನ ಹಾರ್ನ್ ಕೇಳಿಸಿತು. “ನಿಂಗ ಬತ್ರಾ ಇಲ್ಯಾ?”

“ಇರಲಿ ಬಿಡೋ ಸಂಗಯ್ಯಾ” ಎಂದು ಹೆಗಡೆಯವರು ಉಲ್ಲನ್ ಸಾಕ್ಸು ಏರಿಸಿಕೊಳ್ಳುತ್ತ ಎಡಗಡೆ ಬಾಗಿಲಿಗೆ ಓಡಿದರು.