ತಂಗಿಯ ಚಿಮಟ

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕುಳಿತು, ಚಹಾ ಕುಡಿದು ಎದ್ದಿದ್ದೇನೆ. ಇನ್ನು ಮುಂದೂಡಲು ವಯಸ್ಸು ಉಳಿದಿಲ್ಲ.

ನನ್ನ ತಂಗಿ ಹಂಚಿನ ಮೇಲಿನ ಜೋಳದ ರೊಟ್ಟಿಯನ್ನು ಬರಿಗೈಯಿಂದ ತಿರುವುತ್ತಿದ್ದಳು. ಚಿಮಟ ಸುಮ್ಮನೆ ಗೋಡೆಯ ಮೊಳೆಗೆ ನೇತಾಡುತ್ತಿತ್ತು. ಗಂಡ ತೀರಿದ ಮೇಲೆ ಹುಮನಾಬಾದ್ ಬಸ್ ನಿಲ್ದಾಣದ ಪಕ್ಕ ರೊಟ್ಟಿ ಮಾರಿ ಬದುಕಿದವಳು. ನಾನು ಬಸವಕಲ್ಯಾಣದ ಬಸ್ಸಿನ ಕಂಡಕ್ಟರ್. ನನ್ನ ಬಸ್ಸು ನಿಂತರೆ ಕಿಟಕಿಯಿಂದ ಎರಡು ರೊಟ್ಟಿ, ಪುಂಡಿಪಲ್ಯ ಒಳಗೆ ಬರುತ್ತಿದ್ದವು. "ತಿನ್ನು ಸಾಹೇಬಾ, ಸೀಟಿ ಊದಾಕ ದಮ್ಮ ಬೇಕಲ್ಲ" ಎಂದು ಎಲ್ಲರೆದುರು ಕಾಲೆಳೆಯುತ್ತಿದ್ದಳು.

ಒಂದು ಬೇಸಿಗೆಯಲ್ಲಿ ಅವಳ ತೋಳಿನ ತುಂಬ ನೀಲಿ ಕಲೆಗಳೆದ್ದವು. ಎಲುಬಿನೊಳಗಿನ ಮಜ್ಜೆ ರಕ್ತ ಮಾಡುವುದನ್ನು ನಿಲ್ಲಿಸಿದೆ, ಮೈ ಕಾಯಬೇಕಾದ ಟಿ-ಕೋಶಗಳೇ ಅದನ್ನು ಕೊಲ್ಲುತ್ತಿವೆ ಎಂದು ದೂರದ ದೊಡ್ಡ ಆಸ್ಪತ್ರೆಯಲ್ಲಿ ಹೇಳಿದರು. ಆ ಕೋಶದ ಮೈಮೇಲಿದ್ದು ಎದುರಿನದನ್ನು ಮುಟ್ಟಿ ಗುರುತಿಸುವ ಗ್ರಾಹಕ ಎಂಬ ಭಾಗದ ಚಿತ್ರವನ್ನು ಡಾಕ್ಟರು ಅವಳಿಗೆ ತೋರಿಸಿದ್ದರಂತೆ. ಊರಿಗೆ ಬಂದವಳೇ ಚಿಮಟ ಇಳಿಸಿ ನನಗೆ ಪಾಠ ಮಾಡಿದಳು.

"ನೋಡಣ್ಣಾ, ಹಿಂಗ ಎರಡು ಪಟ್ಟಿ, ಬುಡದಾಗ ಬೆಸುಗಿ. ಬುಡ ಎಲ್ಲಾದ್ರದೂ ಒಂದ ನಮೂನಿ. ತುದಿ ಮಾತ್ರ ಒಂದೊಂದ್ ಕೋಶಕ್ಕ ಒಂದೊಂದ್ ಥರಾ. ಮೈಯಾಗಿನ ಕೋಶ ಎಲ್ಲಾ ತಮ್ಮೊಳಗಿಂದೊಂದು ಚೂರು ತಾಟಿನಾಗಿಟ್ಟು ತೋರಸ್ತಾವಂತ. ಇದು ತುದೀಲೆ ಮುಟ್ಟಿ ನೋಡ್ತದ, ನಮ್ಮದೋ ಬ್ಯಾರೆದೋ ಅಂತ."

"ಮತ್ತ ನಿನ್ನವ್ಯಾಕ ನಿನ್ನನ್ನ ತಿನ್ನಾಕತ್ತಾವ?"

"ನಿನ್ನಂಗ ಚಷ್ಮಾ ಮರತಾವ. ಪಾಸ್ ಇದ್ದವ್ರನ್ನೂ ಕೆಳಗ ಇಳಸಾಕತ್ತಾವ." ನಕ್ಕಾಗ ಅವಳ ಹಲ್ಲಿನ ಸಂದಿಯಲ್ಲಿ ರಕ್ತವಿತ್ತು.

ಅವಳದೇ ನಮೂನೆಯ ತಾಟಿರುವ ಒಡಹುಟ್ಟಿದವರ ಮಜ್ಜೆ ಸಿಕ್ಕರೆ ಉಳಿಯಬಹುದು ಎಂದರು. ಅವಳಿಗಿದ್ದ ಒಡಹುಟ್ಟು ನಾನೊಬ್ಬನೇ. ಪರೀಕ್ಷೆಯಾಯಿತು. ಡಾಕ್ಟರು ನನ್ನೊಬ್ಬನನ್ನೇ ಒಳಗೆ ಕರೆದು, ಪೂರ್ತಿ ಹೊಂದುತ್ತದೆ, ಒಪ್ಪಿಗೆ ನಿಮ್ಮದು ಎಂದರು. ಸೊಂಟದ ಎಲುಬಿಗೆ ಸೂಜಿ ಎಂದು ಕೇಳಿಯೇ ನಾನು ಬೆವೆತೆ. ಮದ್ದು ಕೊಟ್ಟು ಮಲಗಿಸುತ್ತೇವೆ ಎಂದರೂ ಕೇಳಲಿಲ್ಲ. ಭಯ, ಅಷ್ಟೇ. ಬೇರೆ ಕಾರಣ ವರ್ಷಗಟ್ಟಲೆ ಹುಡುಕಿದ್ದೇನೆ, ಸಿಕ್ಕಿಲ್ಲ.

"ನನ್ನ ಕೈಲಿ ಆಗೂದಿಲ್ರಿ. ಆಕಿಗಿ ಹೇಳಬ್ಯಾಡ್ರಿ" ಎಂದೆ.

ದಾನಿ ತಕ್ಕವರಲ್ಲ ಎಂದಷ್ಟೇ ಅವರು ಅವಳಿಗೆ ಹೇಳಿದರು.

ಹೊರಗೆ ಬಂದು ಅವಳು ಕೇಳಿದಳು: "ತಾಟು ಕೂಡಲಿಲ್ಲೇನಣ್ಣಾ?"

"ಕೂಡಲಿಲ್ಲ" ಎಂದೆ.

ಮಾತ್ರೆ, ಯಾರ‍್ಯಾರದೋ ರಕ್ತ, ಹೀಗೇ ಎರಡು ಮಳೆಗಾಲ ತಳ್ಳಿದಳು. ಬೆರಳು ಸ್ವಲ್ಪ ತಾಗಿದರೂ ಕಂದುತ್ತಿದ್ದುದರಿಂದ ಚಿಮಟದಿಂದಲೇ ರೊಟ್ಟಿ ತಿರುವುತ್ತಿದ್ದಳು. ಕಡೆಯ ಸಲ ಕಿಟಕಿಗೆ ಬಂದಾಗ ಪೊಟ್ಟಣ ಎತ್ತಿ ಹಿಡಿಯಲು ಕೈ ಏಳಲಿಲ್ಲ. ನಾನೇ ಬಾಗಿ ತೆಗೆದುಕೊಂಡೆ.

"ಮಾರಿ ಸಣ್ಣದು ಮಾಡ್ಕೋಬ್ಯಾಡೋ. ಒಂದ ಹೊಟ್ಟ್ಯಾಗ ಹುಟ್ಟಿದ್ರೂ ಕೂಡಲಿಲ್ಲ, ಅದಕ್ಕ ನೀ ಏನ್ ಮಾಡ್ತಿ? ತಿನ್ನು, ಬಿಸಿ ಅದ."

ಹೇಳಲು ಬಾಯಿ ತೆರೆದೆ. ಡ್ರೈವರ್ ಹಾರ್ನ್ ಹೊಡೆದ. ನಾನು ಸೀಟಿ ಊದಿದೆ.

ಆ ವಾರವೇ ಹೋದಳು. ಚಿಮಟ ಈಗ ನನ್ನ ಗೋಡೆಯ ಮೊಳೆಯಲ್ಲಿದೆ. ಇದನ್ನು ಬರೆದರೂ ಏನೂ ಹಗುರವಾಗಿಲ್ಲ. ನಾನು ಕ್ಷಮೆ ಕೇಳದೆ ಕಳಿಸಿಕೊಟ್ಟವಳ ಹೆಸರು ಕಾಶಮ್ಮ.