ಏಣಿ ಮೇಸ್ತ್ರಿಯ ಕಿವಿಯ ಮೇಲಿನ ಚುಕ್ಕೆ

ಏಣಿ ಮೇಸ್ತ್ರಿ ಎಂದರೆ ಆ ಬೀದಿಯಲ್ಲಿ ಗೊತ್ತಿಲ್ಲದವರಿಲ್ಲ. ವಯಸ್ಸು ಅರವತ್ತೊಂಬತ್ತು. ಐವತ್ತು ವರ್ಷದಿಂದ ಮನೆಗಳ ಹೊರಗೋಡೆಗೆ ಬಣ್ಣ ಬಳಿಯುವುದೇ ಕಸುಬು. ಎರಡನೇ ಮಹಡಿಯ ಎತ್ತರದಲ್ಲಿ ಬರಿದಲೆಯಲ್ಲಿ ನಿಂತು ಸಿಳ್ಳೆ ಹಾಕುತ್ತಾ ಬ್ರಷ್ ಆಡಿಸುತ್ತಿದ್ದರೆ ಅವರಿಗೆ ಸ್ವರ್ಗ ಮೂರೇ ಗೇಣು.

ಹೆಂಡತಿ ಮಾತ್ರ ನೆಲಮಾಳಿಗೆಯ ಬೈಂಡಿಂಗ್ ಅಂಗಡಿಯಲ್ಲಿ ಪುಸ್ತಕಗಳಿಗೆ ರಟ್ಟು ಅಂಟಿಸುತ್ತಾ ಆಯುಷ್ಯ ಕಳೆದವರು. ಆಕೆಗೆ ಮೈಕೈ ನೋವು ಹೆಚ್ಚಾಗಿ, ಇಬ್ಬರೂ ಒಟ್ಟಿಗೇ ರಕ್ತ ಪರೀಕ್ಷೆ ಮಾಡಿಸಿದರು. ಆಕೆಯ ವಿಟಮಿನ್ ಡಿ ತಳ ಕಂಡಿತ್ತು, ಇವರದ್ದು ತುಂಬಿ ತುಳುಕುತ್ತಿತ್ತು. ಅಬ್ಬಬ್ಬಾ, ಆ ರಿಪೋರ್ಟು ಹಿಡಿದು ಮೆರೆದದ್ದೇನು!

"ಬೇಕಾದ್ರೆ ನಂದ್ರಲ್ಲೇ ಒಂದು ಬೊಗಸೆ ತಗೊಳ್ಳೇ."

"ಈ ಜಂಭಕ್ಕೂ ಒಂದು ಮಾತ್ರೆ ಇದ್ದಿದ್ರೆ ಚೆನ್ನಾಗಿತ್ತು ಕಣ್ರೀ," ಎಂದರು ಹೆಂಡತಿ.

ಎಡವಟ್ಟಾದದ್ದು ಆ ಜಂಭದಿಂದಲೇ. ಬಲಗಿವಿಯ ಅಂಚಿನಲ್ಲಿ ಸಾಸಿವೆಯಷ್ಟು ಒರಟು ಚುಕ್ಕೆಯೊಂದು ಎದ್ದಿತ್ತು. ಬಣ್ಣ ಬಳಿಯುವವನು ಮೈಮೇಲೆ ಚುಕ್ಕೆ ಕಂಡರೆ ಏನಂದುಕೊಳ್ಳುತ್ತಾನೆ? ಬಣ್ಣ ಸಿಡಿದಿದೆ ಅಂತ, ಇನ್ನೇನು! ದಿನಾ ಸಂಜೆ ಥಿನ್ನರ್ ಬಟ್ಟೆಯಲ್ಲಿ ಕೈ ಒರೆಸುವಾಗ ಕಿವಿಯನ್ನೂ ತಿಕ್ಕಿದರು. ಹೋಗದಿದ್ದಾಗ "ಏನು ಗಟ್ಟಿ ಮಾಲಪ್ಪಾ ಇದು!" ಎಂದು ಆ ಬಣ್ಣವನ್ನೇ ಹೊಗಳಿದರು. ಹೀಗೆ ನಾಲ್ಕು ತಿಂಗಳು ತಿಕ್ಕಿದ ಮೇಲೆ ರಕ್ತ ಬಂತು. ಅದನ್ನು ಕಂಡವಳು ಮಗಳು.

"ಅಪ್ಪಾ, ಇದು ಬಣ್ಣ ಅಲ್ಲ. ನಡಿ ಆಸ್ಪತ್ರೆಗೆ."

"ನಂಗೇನಾಗುತ್ತೆ? ವಿಟಮಿನ್ ಫುಲ್ ಇದೆ!"

ಚರ್ಮದ ಡಾಕ್ಟರಮ್ಮ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ವಾರದ ಮೇಲೆ ಕರೆದು ಕೂರಿಸಿ, ಚರ್ಮದ ಕ್ಯಾನ್ಸರ್ ಎಂದರು. ಮೇಸ್ತ್ರಿ ಕಿವಿ ಮುಟ್ಟಿ ನೋಡಿಕೊಂಡರು.

"ಅಲ್ಲಮ್ಮಾ, ಅಷ್ಟೊಂದು ವಿಟಮಿನ್ ಇರೋನಿಗೆ ಇದು ಹೆಂಗೆ ಬಂತು?"

"ಅದನ್ನ ಕೊಟ್ಟಿದ್ದೂ ಬಿಸಿಲೇ, ಇದನ್ನ ಕೊಟ್ಟಿದ್ದೂ ಬಿಸಿಲೇ ಮೇಸ್ತ್ರಿ. ನಿಮ್ಮ ಚರ್ಮ ಎಷ್ಟು ಬಿಸಿಲು ತಿಂದಿದೆ ಅಂತ ಆ ರಿಪೋರ್ಟು ಹೇಳಿತ್ತು, ಅಷ್ಟೇ. ಇನ್ನೂ ಚಿಕ್ಕದಿದೆ, ಕತ್ತರಿಸಿ ತೆಗೀತೀನಿ."

"ಮತ್ತೆ ಏಣಿ ಹತ್ತಬಹುದಾ?"

"ಕತ್ತರಿಸಿದ್ದನ್ನ ಪರೀಕ್ಷೆಗೆ ಕಳಿಸ್ತೀನಿ, ಕ್ಯಾನ್ಸರ್ ಪೂರ್ತಿ ಹೊರಗೆ ಬಂದಿದೆಯಾ ಅಂತ ಮೊದಲು ಗೊತ್ತಾಗ್ಲಿ."

ಕಿವಿಗೆ ಪಟ್ಟಿ ಕಟ್ಟಿಸಿಕೊಂಡು ಬಂದ ಮೇಸ್ತ್ರಿ ಹತ್ತು ದಿನ ಮನೆಯವರ ತಲೆ ತಿಂದರು. ಏಣಿ ಬಿಟ್ಟರೆ ತಾನು ಯಾವುದಕ್ಕೂ ಬಾರದವನು ಎಂದು ಕೂತಲ್ಲಿ ನಿಂತಲ್ಲಿ ಗೊಣಗಿದರು. ಹೆಂಡತಿ ಊಟ ಬಡಿಸಿಟ್ಟು ಬಚ್ಚಲಿಗೆ ಹೋಗಿಬಿಡುತ್ತಿದ್ದರು.

ಹನ್ನೊಂದನೇ ದಿನ ರಿಪೋರ್ಟು ತರಲು ಆಸ್ಪತ್ರೆಗೆ ಹೋದ ಮಗಳು ಅಲ್ಲಿಂದಲೇ ಫೋನ್ ಮಾಡಿದಳು. ಕ್ಯಾನ್ಸರ್ ಪೂರ್ತಿ ಹೋಗಿದೆ. ಏಣಿ ಹತ್ತಬಹುದು, ಆದರೆ ನಡುಹಗಲಲ್ಲಿ ಬೇಡ. ತುಂಬುತೋಳಿನ ಅಂಗಿ, ಕಿವಿ ಮುಚ್ಚುವ ಟೋಪಿ ಬೇಕೇ ಬೇಕು. ಆರು ತಿಂಗಳಿಗೊಮ್ಮೆ ತೋರಿಸಬೇಕು.

"ಟೋಪಿನಾ? ಈ ವಯಸ್ಸಲ್ಲಿ ನಂಗೆ ವೇಷ ಬೇರೆ ಕೇಡು!" ಎಂದು ಮೇಸ್ತ್ರಿ ಹಾರಾಡಿದರು.

ಹೆಂಡತಿಯ ಕಟ್ಟೆ ಒಡೆದದ್ದು ಆಗ. "ಹತ್ತು ದಿನದಿಂದ ಏಣಿ, ಏಣಿ, ಏಣಿ! ನೀವು ಉಳೀತೀರೋ ಇಲ್ವೋ ಅಂತ ನಾನು ಬಚ್ಚಲಲ್ಲಿ ಬಾಗಿಲು ಹಾಕ್ಕೊಂಡು ಅಳ್ತಿದ್ದೆ. ಒಂದು ಸಲನಾದ್ರೂ ನನ್ನ ಮುಖ ನೋಡಿದ್ರಾ?"

ನೋಡಿರಲಿಲ್ಲ. ಮೇಸ್ತ್ರಿಗೆ ನಾಚಿಕೆಯಾಯಿತು. ಎದ್ದುಹೋಗಿ ಆಕೆಯ ಪಕ್ಕದಲ್ಲಿ ಕೂತರು.

ಮರುವಾರ ಬೆಳಿಗ್ಗೆ ಏಳಕ್ಕೇ ಏಣಿ ಗೋಡೆಗೆ ಒರಗಿತು. ಕೆಳಗಿನಿಂದ ಬೀಗದಂಗಡಿಯವನು ಕೂಗಿದ: "ಏನ್ ಮೇಸ್ತ್ರೀ, ಇದೇನು ಮೊರದಷ್ಟು ಅಗಲದ ಟೋಪಿ?"

"ನಗು, ನಗು," ಎಂದರು ಮೇಸ್ತ್ರಿ ಮೇಲಿನಿಂದ. "ಮನೇಲಿ ಒಬ್ಳಿದಾಳೆ. ಅವಳಿಗೆ ನಾನು ಇನ್ನೂ ಬೇಕಂತೆ."